ಬಿಡಿಭಾಗಗಳಿಂದ ವ್ಯವಹಾರ ತಂತ್ರಾಂಶ: ವರ್ತಕರು ಮತ್ತು ಸಣ್ಣ ಉದ್ದಿಮೆದಾರರಿಗೆ ಒಂದು ಪಾಠ

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. 2017ರ ಜುಲೈ 1ರಂದು ಅದರ ಸ್ಥಾನಕ್ಕೆ ಸರಕು ಮತ್ತು ಸೇವಾ ತೆರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಸೇರಿಕೊಂಡಿತು. ಇ-ಇನ್ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್ 1ರಂದು ವಾರ್ಷಿಕ ವಹಿವಾಟು 500 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳಿಂದ ಆರಂಭವಾಗಿ, ಹಂತ ಹಂತವಾಗಿ ಇಳಿದು, 2023ರ ಆಗಸ್ಟ್ 1ರಂದು 5 ಕೋಟಿ ರೂಪಾಯಿ ಮೀರಿದವರನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. 2025ರ ಸೆಪ್ಟೆಂಬರ್ 22ರಂದು ಶೇಕಡಾ 12 ಮತ್ತು 28ರ ದರಗಳಲ್ಲಿದ್ದ ಬಹುತೇಕ ಸರಕುಗಳು ಶೇಕಡಾ 5 ಮತ್ತು 18ರ ದರಗಳಿಗೆ ಸರಿದವು.

ಈ ಒಂದೊಂದು ದಿನಾಂಕವೂ ಬಿಲ್ ಬರೆಯುವ ತಂತ್ರಾಂಶವನ್ನು ಮುಟ್ಟದೆ ಹೋಗಲಿಲ್ಲ. ಕೆಲವು ಸಂಸ್ಥೆಗಳಲ್ಲಿ ದರಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕಾಗುತ್ತದೆ. ಮರುದಿನ ಬೆಳಿಗ್ಗೆ ಎಂದಿನಂತೆ ಬಿಲ್ ಬರೆಯುವ ಕೆಲಸ ನಡೆಯುತ್ತದೆ. ಮತ್ತೆ ಕೆಲವು ಸಂಸ್ಥೆಗಳಲ್ಲಿ ತಂತ್ರಾಂಶ ಬರೆದುಕೊಟ್ಟವರನ್ನು ಹುಡುಕಬೇಕಾಗುತ್ತದೆ. ಅವರು ಸಿಕ್ಕರೂ ಹತ್ತಾರು ಕಡೆ ತಿದ್ದಬೇಕಾಗುತ್ತದೆ. ಒಂದು ಕಡೆ ತಿದ್ದಲು ಮರೆತರೆ ಆ ತಪ್ಪು ತಿಂಗಳ ಕೊನೆಯ ರಿಟರ್ನ್‌ನಲ್ಲಿ ಪ್ರಕಟವಾಗುತ್ತದೆ. ಈ ಎರಡು ಬಗೆಯ ಸಂಸ್ಥೆಗಳ ನಡುವಿನ ಅಂತರವು ತಂತ್ರಾಂಶದ ಬೆಲೆಯಲ್ಲಿಲ್ಲ. ಅದನ್ನು ಕಟ್ಟಿದ ಕ್ರಮದಲ್ಲಿದೆ. ಆ ಕ್ರಮವನ್ನು ವ್ಯವಹಾರಸ್ಥರ ದೃಷ್ಟಿಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ. ತಮ್ಮ ಮಕ್ಕಳನ್ನೋ ಸಿಬ್ಬಂದಿಯನ್ನೋ ಈ ವಿದ್ಯೆಗೆ ಹಚ್ಚಬೇಕೆನ್ನುವವರಿಗೂ, ಹೊರಗಿನವರಿಂದ ತಂತ್ರಾಂಶ ಮಾಡಿಸಬೇಕೆನ್ನುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಪರದೆಯೂ ನಿಯಮವೂ ಬೇರೆ ಬೇರೆ

ಹುಬ್ಬಳ್ಳಿಯಲ್ಲಿ ಅಂಗಡಿ, ಧಾರವಾಡ ಮತ್ತು ಗದಗಗಳಲ್ಲಿ ಗೋದಾಮು ಹೊಂದಿರುವ ಒಬ್ಬ ಸಿಮೆಂಟ್ ವರ್ತಕನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮೂರೂ ಸ್ಥಳಗಳಲ್ಲಿ ಗಣಕಯಂತ್ರಗಳಿವೆ. ಮೂವರು ಗುಮಾಸ್ತರು ಒಂದೇ ದಾಸ್ತಾನನ್ನು ನೋಡಬೇಕು, ಒಂದೇ ಖಾತೆಗೆ ನಮೂದು ಮಾಡಬೇಕು. ಹೀಗಿರುವಾಗ ಲೆಕ್ಕವನ್ನು ಒಂದೊಂದು ಗಣಕಯಂತ್ರದಲ್ಲಿ ಬೇರೆ ಬೇರೆಯಾಗಿ ಇಟ್ಟರೆ ದಿನದ ಕೊನೆಗೆ ಮೂರು ಲೆಕ್ಕಗಳನ್ನು ತಾಳೆ ನೋಡುವುದೇ ಒಂದು ಕೆಲಸವಾಗುತ್ತದೆ. ಆದ್ದರಿಂದ ಲೆಕ್ಕವೆಲ್ಲ ಒಂದು ಕೇಂದ್ರ ಯಂತ್ರದಲ್ಲಿರುತ್ತದೆ; ಅದೇ ಸರ್ವರ್. ಗುಮಾಸ್ತನ ಮುಂದಿರುವ ಗಣಕಯಂತ್ರವು ಅಂತರ್ಜಾಲದ ಮೂಲಕ ಸರ್ವರ್‌ಗೆ ಕೋರಿಕೆ ಕಳುಹಿಸುತ್ತದೆ. ಸರ್ವರ್ ಲೆಕ್ಕ ಮಾಡಿ ಉತ್ತರವನ್ನು ಒಂದು ಪುಟವಾಗಿ ಹಿಂದಿರುಗಿಸುತ್ತದೆ.

ಇಲ್ಲಿ ಮೂರು ಸ್ತರಗಳನ್ನು ಗುರುತಿಸಬೇಕು. ಗುಮಾಸ್ತನಿಗೆ ಕಾಣುವ ಪರದೆ ಮೊದಲನೆಯದು. ತೆರಿಗೆ ಎಷ್ಟು, ದಾಸ್ತಾನು ಇದೆಯೇ, ಗ್ರಾಹಕನ ಸಾಲದ ಮಿತಿ ಮೀರಿದೆಯೇ ಎಂಬ ವ್ಯವಹಾರದ ನಿಯಮಗಳು ಎರಡನೆಯದು. ಎಲ್ಲವನ್ನೂ ಬರೆದಿಡುವ ಡೇಟಾಬೇಸ್ ಮೂರನೆಯದು. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಪರದೆಯು ಗಲ್ಲಾ ಪೆಟ್ಟಿಗೆಯ ಮುಂದಿನ ಕಟ್ಟೆ. ಡೇಟಾಬೇಸ್ ಕಿರ್ದಿ ಖತಾವಣಿ ಪುಸ್ತಕ. ನಡುವಿನ ಸ್ತರವು ಮಾಲೀಕನ ಕಟ್ಟಳೆ. ಕಟ್ಟೆಯನ್ನು ಹೊಸದಾಗಿ ಕಟ್ಟಿಸಿದರೆ ಕಟ್ಟಳೆ ಬದಲಾಗಬೇಕಿಲ್ಲ. ಕಟ್ಟಳೆ ಬದಲಾದರೆ ಕಟ್ಟೆಯನ್ನು ಒಡೆಯಬೇಕಿಲ್ಲ.

ಕೆಟ್ಟದಾಗಿ ಕಟ್ಟಿದ ತಂತ್ರಾಂಶದಲ್ಲಿ ಕಟ್ಟಳೆಯು ಕಟ್ಟೆಯೊಳಗೇ ಹೂತುಹೋಗಿರುತ್ತದೆ. ಬಿಲ್ ಬರೆಯುವ ಪುಟದಲ್ಲಿ ಶೇಕಡಾ 28 ಎಂದು ಒಮ್ಮೆ, ಅಂದಾಜು ಪಟ್ಟಿಯ ಪುಟದಲ್ಲಿ ಇನ್ನೊಮ್ಮೆ, ಸರಕು ಹಿಂದಿರುಗಿಸುವ ಪುಟದಲ್ಲಿ ಮತ್ತೊಮ್ಮೆ ಬರೆದಿರುತ್ತಾರೆ. ದರ ಬದಲಾದ ದಿನ ಇವೆಲ್ಲವನ್ನೂ ಹುಡುಕಿ ತಿದ್ದಬೇಕು. ಒಂದೇ ನಿಯಮವನ್ನು ಒಂದೇ ಸ್ಥಳದಲ್ಲಿ ಒಮ್ಮೆ ಮಾತ್ರ ಬರೆದು, ಬೇಕಾದ ಪುಟಗಳೆಲ್ಲ ಅದನ್ನೇ ಕರೆದು ಕೇಳುವಂತೆ ಮಾಡುವುದು ಇದಕ್ಕೆ ಪರಿಹಾರ. ಹೀಗೆ ಪ್ರತ್ಯೇಕವಾಗಿ ಬರೆದು, ಹಲವು ಕಡೆ ಬಳಸಬಹುದಾದ ಭಾಗವನ್ನೇ ತಂತ್ರಾಂಶ ಘಟಕ ಎನ್ನುತ್ತಾರೆ.

ಕಾರ್ಖಾನೆಯಿಂದ ಬಂದ ಕಲ್ಪನೆ

ಈ ಕಲ್ಪನೆಯು ಉದ್ದಿಮೆದಾರರಿಗೆ ಹೊಸದಲ್ಲ. ಪಂಪ್ ತಯಾರಿಸುವವನು ಬೇರಿಂಗನ್ನು ತಾನೇ ತಯಾರಿಸುವುದಿಲ್ಲ. ಅಳತೆ ಹೇಳಿ ಕೊಳ್ಳುತ್ತಾನೆ. ಸವೆದ ಬೇರಿಂಗನ್ನು ತೆಗೆದು ಅದೇ ಅಳತೆಯ ಬೇರೊಂದನ್ನು ಕೂರಿಸಿದರೆ ಪಂಪ್ ತಿರುಗುತ್ತದೆ. ಇದಕ್ಕೆ ಕಾರಣ ಬೇರಿಂಗಿನ ಹೊರ ಅಳತೆ ಗೊತ್ತಾಗಿರುವುದು. ಒಳಗೆ ಗುಂಡುಗಳು ಹೇಗಿವೆ ಎಂಬುದು ಪಂಪಿಗೆ ಬೇಕಿಲ್ಲ.

1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್ ಪಟ್ಟಣದಲ್ಲಿ ನ್ಯಾಟೋ ಸಂಸ್ಥೆಯ ಆಶ್ರಯದಲ್ಲಿ ತಂತ್ರಾಂಶ ಎಂಜಿನಿಯರಿಂಗ್ ಕುರಿತ ಸಮ್ಮೇಳನವೊಂದು ನಡೆಯಿತು. ಅಲ್ಲಿ ಡಗ್ಲಾಸ್ ಮ್ಯಾಕ್‌ಇಲ್‌ರಾಯ್ ಎಂಬ ಅಮೆರಿಕದ ತಜ್ಞರು, ಯಂತ್ರೋದ್ಯಮದ ಬಿಡಿಭಾಗಗಳಂತೆ ತಂತ್ರಾಂಶಕ್ಕೂ ಬಿಡಿಭಾಗಗಳ ಉದ್ಯಮ ಬೇಕೆಂದು ಪ್ರತಿಪಾದಿಸಿದರು. ಬೇರಿಂಗಿನ ಹೊರ ಅಳತೆಗೆ ಸಮನಾದುದನ್ನು ತಂತ್ರಾಂಶದಲ್ಲಿ ಇಂಟರ್‌ಫೇಸ್ ಎನ್ನುತ್ತಾರೆ. ಘಟಕಕ್ಕೆ ಏನನ್ನು ಕೊಡಬೇಕು, ಅದು ಏನನ್ನು ಹಿಂದಿರುಗಿಸುತ್ತದೆ ಎಂಬ ಕರಾರೇ ಇಂಟರ್‌ಫೇಸ್. ಸರಕಿನ ಎಚ್.ಎಸ್.ಎನ್. ಸಂಕೇತ, ಮೌಲ್ಯ, ದಿನಾಂಕ, ಸರಕು ತಲುಪುವ ರಾಜ್ಯ, ಇಷ್ಟನ್ನು ತೆರಿಗೆ ಘಟಕಕ್ಕೆ ಕೊಡಬೇಕು. ಕೇಂದ್ರ ತೆರಿಗೆ, ರಾಜ್ಯ ತೆರಿಗೆ ಅಥವಾ ಅಂತರರಾಜ್ಯ ತೆರಿಗೆಯ ಮೊತ್ತವನ್ನು ಅದು ಹಿಂದಿರುಗಿಸಬೇಕು. ಒಳಗಿನ ಲೆಕ್ಕ ಹೇಗಿದೆ ಎಂಬುದು ಬಿಲ್ ಪುಟಕ್ಕೆ ಬೇಕಿಲ್ಲ.

ಜಾವಾ ಕಲಿಸಿದ ಪಾಠ

ಈ ಕಲ್ಪನೆಯನ್ನು ವ್ಯವಹಾರ ಜಗತ್ತಿಗೆ ವ್ಯಾಪಕವಾಗಿ ತಂದ ಪ್ರಯತ್ನಗಳಲ್ಲಿ ಜಾವಾ ಮುಖ್ಯವಾದುದು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಈ ಭಾಷೆಯನ್ನು ಹೊರತಂದಿತು. ಅಂತರ್ಜಾಲದ ಕೋರಿಕೆಗೆ ಸರ್ವರ್‌ನಲ್ಲಿ ಉತ್ತರ ಸಿದ್ಧಪಡಿಸುವ ಜಾವಾ ಭಾಗಕ್ಕೆ ಸರ್ವ್‌ಲೆಟ್ ಎಂದೂ, ಪುಟದ ಮಾದರಿಯೊಳಗೆ ಜಾವಾ ಸೇರಿಸುವ ವಿಧಾನಕ್ಕೆ ಜಾವಾ ಸರ್ವರ್ ಪೇಜಸ್ ಎಂದೂ ಹೆಸರಾಯಿತು. 1998ರಲ್ಲಿ ಎಂಟರ್‌ಪ್ರೈಸ್ ಜಾವಾ ಬೀನ್ಸ್ ಎಂಬ ಘಟಕ ಮಾನಕವು ಪ್ರಕಟವಾಯಿತು. 1999ರ ಡಿಸೆಂಬರ್‌ನಲ್ಲಿ ಇವೆಲ್ಲವನ್ನೂ ಒಟ್ಟುಗೂಡಿಸಿದ ಜೆ2ಇಇ ವೇದಿಕೆ ಬಂದಿತು.

ಈ ವೇದಿಕೆಯ ಮುಖ್ಯ ಕೊಡುಗೆ ಕಂಟೇನರ್ ಎಂಬುದು. ಇದನ್ನು ಕೈಗಾರಿಕಾ ವಸಾಹತಿಗೆ ಹೋಲಿಸಬಹುದು. ವಸಾಹತಿನಲ್ಲಿ ಶೆಡ್ ಪಡೆದ ಉದ್ದಿಮೆದಾರನು ರಸ್ತೆ, ನೀರು, ವಿದ್ಯುತ್ ಮಾರ್ಗಗಳನ್ನು ತಾನೇ ಹಾಕಿಸುವುದಿಲ್ಲ. ತನ್ನ ಯಂತ್ರ ಕೂರಿಸಿ ಉತ್ಪಾದನೆ ಆರಂಭಿಸುತ್ತಾನೆ. ಹಾಗೆಯೇ ಘಟಕ ಬರೆಯುವವನು ಡೇಟಾಬೇಸ್ ಸಂಪರ್ಕ, ಬಳಕೆದಾರರ ಅಧಿಕಾರ ಪರಿಶೀಲನೆ, ನಮೂದುಗಳ ಸುರಕ್ಷತೆ ಇತ್ಯಾದಿಗಳನ್ನು ತಾನೇ ಬರೆಯದೆ ಕಂಟೇನರ್‌ನಿಂದ ಪಡೆದು, ವ್ಯವಹಾರದ ನಿಯಮವನ್ನಷ್ಟೇ ಬರೆಯುತ್ತಾನೆ.

ತತ್ವ ಒಳ್ಳೆಯದಾಗಿದ್ದರೂ ಆರಂಭದ ವರ್ಷಗಳಲ್ಲಿ ಆಚರಣೆ ಭಾರವಾಗಿತ್ತು. ಒಂದು ಸಣ್ಣ ಘಟಕ ಬರೆಯಲು ಎರಡು ಇಂಟರ್‌ಫೇಸ್‌ಗಳು, ಒಂದು ಮುಖ್ಯ ಕಡತ, ಅದಕ್ಕೊಂದು ಉದ್ದನೆಯ ವಿವರಣಾ ಕಡತ ಬೇಕಾಗುತ್ತಿದ್ದವು. ಈ ಭಾರವನ್ನು ಟೀಕಿಸಿ ರಾಡ್ ಜಾನ್ಸನ್ ಅವರು 2002ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು; ಅದರಲ್ಲಿನ ವಿಚಾರಗಳಿಂದ ಬೆಳೆದ ಸ್ಪ್ರಿಂಗ್ ಎಂಬ ಹಗುರ ಚೌಕಟ್ಟಿನ ಮೊದಲ ಆವೃತ್ತಿಯು 2004ರಲ್ಲಿ ಬಂದಿತು. 2006ರಲ್ಲಿ ಜಾವಾ ಇಇ 5 ಎಂಬ ಹೆಸರಿನಲ್ಲಿ ಮೂಲ ಮಾನಕವೂ ಸರಳವಾಯಿತು. 2010ರಲ್ಲಿ ಸನ್ ಸಂಸ್ಥೆಯು ಒರಾಕಲ್‌ನ ಪಾಲಾಯಿತು. 2017ರಲ್ಲಿ ಈ ವೇದಿಕೆಯನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸುವ ನಿರ್ಧಾರವಾಗಿ, 2018ರಲ್ಲಿ ಅದಕ್ಕೆ ಜಕಾರ್ತಾ ಇಇ ಎಂಬ ಹೆಸರಾಯಿತು. 2020ರ ಆವೃತ್ತಿಯಲ್ಲಿ ಮಾನಕದ ಒಳಗಿನ ಹೆಸರುಗಳೇ ಬದಲಾದವು. ಹಳೆಯ ಹೆಸರುಗಳನ್ನು ಬಳಸಿದ್ದ ತಂತ್ರಾಂಶಗಳನ್ನು ತಿದ್ದದೆ ಹೊಸ ಸರ್ವರ್‌ಗೆ ಒಯ್ಯುವಂತಿರಲಿಲ್ಲ.

ಈ ಇತಿಹಾಸದಿಂದ ವ್ಯವಹಾರಸ್ಥರು ಗ್ರಹಿಸಬೇಕಾದ ಅಂಶಗಳು ಎರಡು. ಮೊದಲನೆಯದಾಗಿ, ತೆರಿಗೆ ಘಟಕ, ದಾಸ್ತಾನು ಘಟಕಗಳನ್ನು ಮಾರುಕಟ್ಟೆಯಿಂದ ಬೇರಿಂಗಿನಂತೆ ಕೊಂಡುತಂದು ಜೋಡಿಸಬಹುದೆಂಬ ಆರಂಭದ ನಿರೀಕ್ಷೆ ಬಹುಮಟ್ಟಿಗೆ ಕೈಗೂಡಲಿಲ್ಲ. ಸರ್ವರ್, ಡೇಟಾಬೇಸ್ ಮುಂತಾದ ಸಾಮಾನ್ಯ ಭಾಗಗಳು ಸಿದ್ಧವಾಗಿ ಸಿಗುತ್ತವೆ; ಆದರೆ ಒಬ್ಬೊಬ್ಬರ ವ್ಯಾಪಾರದ ಕಟ್ಟಳೆ ಒಂದೊಂದು ಬಗೆ. ಹೀಗಾಗಿ ವ್ಯವಹಾರ ಘಟಕದ ಮರುಬಳಕೆಯ ಲಾಭವು ಸಂಸ್ಥೆಯ ಒಳಗೇ ಹೆಚ್ಚಾಗಿ ದೊರೆಯುತ್ತದೆ. ಎರಡನೆಯದಾಗಿ, ಚೌಕಟ್ಟುಗಳ ಹೆಸರು ಮತ್ತು ಒಡೆತನ ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ವ್ಯವಹಾರದ ನಿಯಮವನ್ನು ಚೌಕಟ್ಟಿಗೆ ಅಂಟದಂತೆ, ಸರಳ ಜಾವಾ ಕಡತಗಳಲ್ಲಿ ಬರೆದಿಡುವುದು ಕ್ಷೇಮ. ವಸಾಹತು ಬಿಟ್ಟು ಹೋಗುವಾಗ ಯಂತ್ರವನ್ನು ಬಿಚ್ಚಿ ಒಯ್ಯುವಂತಿರಬೇಕು. ಗೋಡೆಗೆ ಸೇರಿಸಿ ಎರಕ ಹೊಯ್ದಿರಬಾರದು.

ತೆರಿಗೆ ಘಟಕ: ಒಂದು ಲೆಕ್ಕ

ಮೇಲೆ ಹೇಳಿದ ಸಿಮೆಂಟ್ ವರ್ತಕನು 2025ರ ಸೆಪ್ಟೆಂಬರ್ 10ರಂದು ರಾಜ್ಯದೊಳಗಿನ ಗ್ರಾಹಕನೊಬ್ಬನಿಗೆ 100 ಚೀಲ ಸಿಮೆಂಟನ್ನು ಮಾರಿ, ಅಂದೇ ಬಿಲ್ ಕೊಟ್ಟು ಹಣ ಪಡೆದನೆಂದು ಇಟ್ಟುಕೊಳ್ಳಬಹುದು. ತೆರಿಗೆಗೆ ಒಳಪಡುವ ಮೌಲ್ಯ 30,000 ರೂಪಾಯಿ. ಅಂದಿನ ದರ ಶೇಕಡಾ 28. ಕೇಂದ್ರ ತೆರಿಗೆ 4,200, ರಾಜ್ಯ ತೆರಿಗೆ 4,200, ಒಟ್ಟು ತೆರಿಗೆ 8,400. ಬಿಲ್ ಮೊತ್ತ 38,400 ರೂಪಾಯಿ. ಸೆಪ್ಟೆಂಬರ್ 22ರಿಂದ ಸಿಮೆಂಟಿನ ದರ ಶೇಕಡಾ 18ಕ್ಕೆ ಇಳಿಯಿತು. ಅಕ್ಟೋಬರ್ 10ರಂದು ಗ್ರಾಹಕನು ಮಿಕ್ಕ 10 ಚೀಲಗಳನ್ನು ಹಿಂದಿರುಗಿಸಿದನು.

ಈಗ ಕೊಡಬೇಕಾದ ಕ್ರೆಡಿಟ್ ನೋಟಿನಲ್ಲಿ ಮೌಲ್ಯ 3,000 ರೂಪಾಯಿ. ತೆರಿಗೆಯನ್ನು ಮೂಲ ಬಿಲ್ಲಿನ ದರವಾದ ಶೇಕಡಾ 28ರಂತೆ 840 ರೂಪಾಯಿ ಎಂದು ತೋರಿಸಬೇಕು. ತಂತ್ರಾಂಶದಲ್ಲಿ 28 ಎಂಬುದನ್ನು ಅಳಿಸಿ 18 ಎಂದಷ್ಟೇ ತಿದ್ದಿದ್ದರೆ ಅದು 540 ಎಂದು ತೋರಿಸುತ್ತದೆ. ಒಂದು ನೋಟಿನಲ್ಲಿ ವ್ಯತ್ಯಾಸ 300 ರೂಪಾಯಿ. ಇಂತಹ ನೋಟುಗಳು ಐವತ್ತು ಇದ್ದರೆ 15,000 ರೂಪಾಯಿ. ಜೊತೆಗೆ ಗ್ರಾಹಕರ ಖಾತೆಯೊಂದಿಗೆ ತಾಳೆಯಾಗದ ತೊಡಕು.

ಆದ್ದರಿಂದ ತೆರಿಗೆ ಘಟಕದಲ್ಲಿ ದರವನ್ನು ಅಳಿಸುವ ಪದ್ಧತಿ ಇರಕೂಡದು. ಒಂದೊಂದು ದರಕ್ಕೂ ಯಾವ ದಿನದಿಂದ ಯಾವ ದಿನದವರೆಗೆ ಎಂಬ ಎರಡು ದಿನಾಂಕಗಳಿರಬೇಕು. ಹೊಸ ದರ ಬಂದಾಗ ಹಳೆಯ ಸಾಲಿಗೆ ಕೊನೆಯ ದಿನಾಂಕ ಹಾಕಿ, ಹೊಸ ಸಾಲನ್ನು ಸೇರಿಸಬೇಕು. ಬದಲಾವಣೆಯ ಆಸುಪಾಸಿನ ವ್ಯವಹಾರಗಳಲ್ಲಿ ಸರಕು ಒಪ್ಪಿಸಿದ ದಿನ, ಬಿಲ್ ದಿನ ಮತ್ತು ಹಣ ಸಂದಾಯದ ದಿನ, ಈ ಮೂರೂ ದರ ನಿರ್ಧಾರದಲ್ಲಿ ಪರಿಗಣನೆಗೆ ಬರುತ್ತವೆಂದು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 14ನೇ ಪ್ರಕರಣವು ಹೇಳುತ್ತದೆ. ಘಟಕದ ಇಂಟರ್‌ಫೇಸ್‌ನಲ್ಲಿ ಒಂದೇ ದಿನಾಂಕಕ್ಕೆ ಸ್ಥಳವಿಟ್ಟಿದ್ದರೆ ಈ ನಿಯಮವನ್ನು ನಂತರ ಸೇರಿಸುವುದು ಕಷ್ಟ. ಕಾನೂನು ತಿಳಿದವರು ಮತ್ತು ತಂತ್ರಾಂಶ ತಿಳಿದವರು ಒಟ್ಟಿಗೆ ಕುಳಿತು ಇಂಟರ್‌ಫೇಸನ್ನು ನಿರ್ಧರಿಸಬೇಕೆನ್ನುವುದು ಇದಕ್ಕಾಗಿಯೇ.

ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು

ಬಿಲ್ ಒಂದನ್ನು ಉಳಿಸುವಾಗ ಸರ್ವರ್‌ನಲ್ಲಿ ಹಲವು ಕೆಲಸಗಳು ನಡೆಯುತ್ತವೆ: ಬಿಲ್ ಸಂಖ್ಯೆ ಕೊಡುವುದು, ದಾಸ್ತಾನಿನಿಂದ 100 ಚೀಲ ಕಳೆಯುವುದು, ಗ್ರಾಹಕನ ಖಾತೆಗೆ ಖರ್ಚು ಬರೆಯುವುದು, ಮಾರಾಟ ಮತ್ತು ತೆರಿಗೆ ಖಾತೆಗಳಿಗೆ ಜಮಾ ಬರೆಯುವುದು. ದಾಸ್ತಾನು ಕಳೆದ ಮೇಲೆ, ಖಾತೆ ಬರೆಯುವ ಮೊದಲು ವಿದ್ಯುತ್ ಹೋದರೆ ಸರಕು ಕಡಿಮೆಯಾಗಿದೆ, ಬಾಕಿ ಬರೆದಿಲ್ಲ ಎಂಬ ಸ್ಥಿತಿ ಉಂಟಾಗುತ್ತದೆ. ತೇರೀಜು ಕೂಡದಿದ್ದಾಗ ಇಂತಹ ತಪ್ಪನ್ನು ಹುಡುಕುವ ಕಷ್ಟ ಲೆಕ್ಕ ಬರೆಯುವ ಎಲ್ಲರಿಗೂ ಗೊತ್ತು.

ಈ ಕೆಲಸಗಳೆಲ್ಲವನ್ನೂ ಒಂದು ಕಟ್ಟಾಗಿ ಕಟ್ಟಿ, ಎಲ್ಲವೂ ಪೂರ್ಣವಾದರೆ ಮಾತ್ರ ದಾಖಲಿಸುವುದು, ಒಂದು ತಪ್ಪಿದರೂ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವುದು, ಇದಕ್ಕೆ ಟ್ರಾನ್ಸ್ಯಾಕ್ಷನ್ ಎಂದು ಹೆಸರು. ಕಂಟೇನರ್‌ನಿಂದ ದೊರೆಯುವ ಸೇವೆಗಳಲ್ಲಿ ಇದು ಅತ್ಯಂತ ಬೆಲೆಯುಳ್ಳದ್ದು. ಘಟಕ ಬರೆಯುವವನು ಕೆಲಸದ ಮೇಲೆ ಒಂದು ಗುರುತು ಹಾಕಿದರೆ ಉಳಿದುದನ್ನು ಕಂಟೇನರ್ ನೋಡಿಕೊಳ್ಳುತ್ತದೆ. ಆದರೆ ಆ ಗುರುತನ್ನು ಎಲ್ಲಿ ಹಾಕಬೇಕೆಂಬುದನ್ನು ನಿರ್ಧರಿಸಲು ಜೋಡಿ ನಮೂದು ಪದ್ಧತಿಯ ಅರಿವು ಬೇಕು. ದಾಸ್ತಾನು ಘಟಕಕ್ಕೆ ಒಂದು, ಖಾತಾ ಘಟಕಕ್ಕೆ ಇನ್ನೊಂದು ಎಂದು ಬೇರೆ ಬೇರೆ ಕಟ್ಟು ಮಾಡಿದರೆ ರಕ್ಷಣೆ ಇಲ್ಲ. ಎರಡನ್ನೂ ಕರೆಯುವ ಬಿಲ್ ಘಟಕದ ಮಟ್ಟದಲ್ಲಿ ಒಂದೇ ಕಟ್ಟಾಗಬೇಕು.

ಬಿಲ್ ಸಂಖ್ಯೆಯ ವಿಷಯವೂ ಹೀಗೆಯೇ. ಜಿ.ಎಸ್.ಟಿ. ನಿಯಮ 46ರ ಪ್ರಕಾರ ಬಿಲ್ ಸಂಖ್ಯೆಯು ಹದಿನಾರು ಅಕ್ಷರಗಳನ್ನು ಮೀರದೆ, ಕ್ರಮಾನುಗತವಾಗಿ, ಒಂದು ಹಣಕಾಸು ವರ್ಷದಲ್ಲಿ ಪುನರಾವರ್ತನೆಯಾಗದಂತೆ ಇರಬೇಕು. ಹುಬ್ಬಳ್ಳಿ ಮತ್ತು ಗದಗದ ಗುಮಾಸ್ತರು ಒಂದೇ ಕ್ಷಣದಲ್ಲಿ ಬಿಲ್ ಉಳಿಸಿದರೂ ಇಬ್ಬರಿಗೂ ಒಂದೇ ಸಂಖ್ಯೆ ಸಿಗಕೂಡದು. ಹಿಂದಿನ ಸಂಖ್ಯೆಯನ್ನು ಓದಿ ಒಂದು ಕೂಡಿಸುವ ಕೆಲಸವನ್ನು ಪುಟಗಳಿಗೆ ಬಿಟ್ಟರೆ ಈ ತಪ್ಪು ಎಂದಾದರೊಂದು ದಿನ ಆಗಿಯೇ ತೀರುತ್ತದೆ. ಸಂಖ್ಯೆ ಕೊಡುವ ಅಧಿಕಾರ ಒಂದೇ ಘಟಕಕ್ಕಿರಬೇಕು. ಒಬ್ಬರಿಗೆ ಕೊಟ್ಟು ಮುಗಿಯುವವರೆಗೆ ಅದು ಇನ್ನೊಬ್ಬರನ್ನು ಕಾಯಿಸಬೇಕು.

ಹಣವನ್ನು ಬರೆಯುವ ಬಗೆಯನ್ನೂ ಗಮನಿಸಬೇಕು. ಗಣಕಯಂತ್ರವು ದಶಮಾಂಶ ಸಂಖ್ಯೆಗಳನ್ನು ಸಾಧಾರಣವಾಗಿ ದ್ವಿಮಾನ ರೂಪದಲ್ಲಿ ಅಂದಾಜಾಗಿ ಇಟ್ಟುಕೊಳ್ಳುತ್ತದೆ. ಜಾವಾದ ಡಬಲ್ ಎಂಬ ಬಗೆಯಲ್ಲಿ 0.1ಕ್ಕೆ 0.2ನ್ನು ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. ವಿಜ್ಞಾನದ ಲೆಕ್ಕಕ್ಕೆ ಇದು ಸಾಕು. ಪೈಸೆ ಪೈಸೆ ಕೂಡಬೇಕಾದ ಖಾತೆಗೆ ಸಾಲದು. ಹಣಕ್ಕೆ ಬಿಗ್‌ಡೆಸಿಮಲ್ ಎಂಬ ಬಗೆಯನ್ನು ಬಳಸಿ, ಯಾವ ಹಂತದಲ್ಲಿ ಹೇಗೆ ಪೂರ್ಣಾಂಕಗೊಳಿಸಬೇಕೆಂಬ ನಿಯಮವನ್ನು ಒಂದೇ ಘಟಕದಲ್ಲಿಡಬೇಕು.

ತಿದ್ದುಪಡಿಯ ಜಾಡು

2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು, ತಿದ್ದಿದ ದಿನಾಂಕದ ಸಮೇತ, ಉಳಿಯಬೇಕು. ಆ ಸೌಲಭ್ಯವನ್ನು ನಿಲ್ಲಿಸಲು ಸಾಧ್ಯವಿರಕೂಡದು. ಸಣ್ಣ ಖಾಸಗಿ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಪಾಲುದಾರಿಕೆ ಮತ್ತು ಏಕ ಮಾಲೀಕತ್ವದ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಅಭ್ಯಾಸ ಒಳ್ಳೆಯದೇ.

ಪುಟಗಳು ನೇರವಾಗಿ ಡೇಟಾಬೇಸಿಗೆ ಬರೆಯುವಂತಿದ್ದರೆ ಜಾಡು ದಾಖಲಿಸುವ ಸಾಲನ್ನು ಪ್ರತಿ ಪುಟದಲ್ಲೂ ಸೇರಿಸಬೇಕು. ಒಂದರಲ್ಲಿ ಬಿಟ್ಟುಹೋದರೂ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಅದನ್ನು ಹೇಳಬೇಕಾಗುತ್ತದೆ. ಎಲ್ಲ ನಮೂದುಗಳೂ ಒಂದೇ ಖಾತಾ ಘಟಕದ ಬಾಗಿಲಿನಿಂದ ಹೋಗುವಂತಿದ್ದರೆ ಆ ಬಾಗಿಲಿನಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರೆ ಸಾಕು. ಆದರೆ ಡೇಟಾಬೇಸನ್ನು ಹಿಂಬಾಗಿಲಿನಿಂದ ತಿದ್ದುವ ಅಧಿಕಾರವನ್ನು ಯಾರಿಗೂ ಸುಮ್ಮನೆ ಕೊಡಬಾರದು. ಕೊಟ್ಟರೆ ಆ ತಿದ್ದುಪಡಿಯೂ ದಾಖಲಾಗುವಂತಿರಬೇಕು.

ಕಲಿಕೆಯ ಕ್ರಮ

ಈ ವಿದ್ಯೆಯನ್ನು ಕಲಿಯಹೊರಟವರು ಚೌಕಟ್ಟಿನಿಂದ ಆರಂಭಿಸುವುದು ಸಾಮಾನ್ಯ ದೋಷ. ಕೆಳಗಿನ ಕ್ರಮವು ಹೆಚ್ಚು ಫಲಕಾರಿ.

1. ಮೊದಲು ಕಾಗದ. ಒಂದು ವ್ಯವಹಾರವು ಆರಂಭದಿಂದ ಅಂತ್ಯದವರೆಗೆ ಹೇಗೆ ಸಾಗುತ್ತದೆ, ಯಾರು ಏನು ಬರೆಯುತ್ತಾರೆ, ತಪ್ಪಾದರೆ ಏನು ಮಾಡುತ್ತಾರೆ ಎಂಬುದನ್ನು ಬರೆದುಕೊಳ್ಳಬೇಕು.

2. ಜಾವಾ ಭಾಷೆಯ ಮೂಲ ಪಾಠಗಳು: ಕ್ಲಾಸ್, ಇಂಟರ್‌ಫೇಸ್, ದೋಷ ನಿರ್ವಹಣೆ, ದಿನಾಂಕ ಮತ್ತು ಹಣದ ಬಗೆಗಳು.

3. ಡೇಟಾಬೇಸ್ ಮತ್ತು ಅದರ ಪ್ರಶ್ನಾ ಭಾಷೆಯಾದ ಎಸ್.ಕ್ಯು.ಎಲ್. ಲೆಕ್ಕಪತ್ರದ ಅನುಭವವಿದ್ದವರಿಗೆ ಇದು ಬೇಗ ಹಿಡಿಯುತ್ತದೆ.

4. ಸರ್ವ್‌ಲೆಟ್ ಬಳಸಿ ಒಂದು ಸಣ್ಣ ಪುಟ. ಕೋರಿಕೆ ಬರುವ ಮತ್ತು ಉತ್ತರ ಹೋಗುವ ದಾರಿಯನ್ನು ಚೌಕಟ್ಟಿನ ನೆರವಿಲ್ಲದೆ ಒಮ್ಮೆ ಕಣ್ಣಾರೆ ಕಂಡಿರಬೇಕು.

5. ಪರದೆ, ನಿಯಮ, ಡೇಟಾಬೇಸ್ ಈ ಮೂರನ್ನೂ ಬೇರ್ಪಡಿಸಿ ಅದೇ ಕೆಲಸವನ್ನು ಮತ್ತೆ ಬರೆಯುವುದು.

6. ಘಟಕದ ಪರೀಕ್ಷೆ. ಮೇಲಿನ 8,400 ಮತ್ತು 840ರಂತಹ ಕೈಲೆಕ್ಕದ ಉತ್ತರಗಳನ್ನು ಕೊಟ್ಟು, ಘಟಕವು ಅದೇ ಉತ್ತರ ಕೊಡುತ್ತದೆಯೇ ಎಂದು ತಾನಾಗಿ ಪರೀಕ್ಷಿಸುವ ಕಡತಗಳನ್ನು ಬರೆಯುವುದು.

7. ಕೊನೆಯಲ್ಲಿ ಸ್ಪ್ರಿಂಗ್ ಅಥವಾ ಜಕಾರ್ತಾ ಇಇ, ಟ್ರಾನ್ಸ್ಯಾಕ್ಷನ್, ಬಳಕೆದಾರರ ಅಧಿಕಾರ, ಪ್ರತಿದಿನದ ನಕಲು.

ಇವಕ್ಕೆ ಬೇಕಾದ ಸಾಧನಗಳಿಗೆ ಹಣ ಕೊಡಬೇಕಿಲ್ಲ. ಓಪನ್ ಜೆಡಿಕೆ, ಟಾಮ್‌ಕ್ಯಾಟ್ ಸರ್ವರ್, ಪೋಸ್ಟ್‌ಗ್ರೆ ಎಸ್.ಕ್ಯು.ಎಲ್. ಡೇಟಾಬೇಸ್, ಸ್ಪ್ರಿಂಗ್ ಚೌಕಟ್ಟು ಇವೆಲ್ಲ ಮುಕ್ತವಾಗಿ ದೊರೆಯುತ್ತವೆ. ಟಾಮ್‌ಕ್ಯಾಟ್ ಸರ್ವ್‌ಲೆಟ್‌ಗಳನ್ನು ನಡೆಸುತ್ತದೆ. ಎಂಟರ್‌ಪ್ರೈಸ್ ಬೀನ್ಸ್ ಸಹ ಬೇಕಾದರೆ ವೈಲ್ಡ್‌ಫ್ಲೈನಂತಹ ಪೂರ್ಣ ಸರ್ವರ್ ಬೇಕಾಗುತ್ತದೆ.

ಅಭ್ಯಾಸಕ್ಕೆ ಇಡೀ ಲೆಕ್ಕಪತ್ರವನ್ನು ಆರಿಸಿಕೊಳ್ಳಬಾರದು. ಬೆಳಗಾವಿಯ ಎರಕದ ಕಾರ್ಖಾನೆಯೊಂದು ತನ್ನ ಎರಕಗಳನ್ನು ಮಷೀನಿಂಗ್ ಮಾಡಿಸಲು ಹೊರಗೆ ಕಳುಹಿಸುತ್ತದೆ ಎನ್ನೋಣ. ಇಂತಹ ಜಾಬ್ ವರ್ಕ್ ಚಲನ್‌ಗಳ ದಾಖಲೆಯು ಉತ್ತಮ ಅಭ್ಯಾಸ ಪಾಠ. ಜಿ.ಎಸ್.ಟಿ. ಕಾಯಿದೆಯ 143ನೇ ಪ್ರಕರಣದಂತೆ ಕಳುಹಿಸಿದ ಒಳಸರಕು ಒಂದು ವರ್ಷದೊಳಗೆ, ಬಂಡವಾಳ ಸರಕು ಮೂರು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ವಿಲೇವಾರಿಯಾಗಬೇಕು. ಅಚ್ಚು, ಡೈ, ಜಿಗ್, ಫಿಕ್ಸ್‌ಚರ್ ಮತ್ತು ಉಪಕರಣಗಳಿಗೆ ಈ ಮೂರು ವರ್ಷದ ಮಿತಿ ಇಲ್ಲ. ಅವಧಿ ಮೀರಿದರೆ ಕಳುಹಿಸಿದ ದಿನವೇ ಸರಬರಾಜು ಆದಂತೆ ಭಾವಿಸಿ ತೆರಿಗೆ ಬೀಳುತ್ತದೆ. ಚಲನ್ ದಿನಾಂಕ ಮತ್ತು ಸರಕಿನ ಬಗೆ ಕೊಟ್ಟರೆ ಗಡುವನ್ನು ಹೇಳುವ ಒಂದು ಘಟಕ, ಬಾಕಿ ಪ್ರಮಾಣ ಹೇಳುವ ಇನ್ನೊಂದು ಘಟಕ, ಇಷ್ಟನ್ನು ಸರಿಯಾಗಿ ಬರೆದವರು ಈ ವಿದ್ಯೆಯ ಬೆನ್ನೆಲುಬನ್ನು ಹಿಡಿದಂತೆಯೇ. ಕಾರ್ಖಾನೆಗೂ ಅಂದಿನಿಂದಲೇ ಪ್ರಯೋಜನ.

ಹಣ ಕೊಟ್ಟಮಾತ್ರಕ್ಕೆ ಒಡೆತನ ಬರುವುದಿಲ್ಲ

ಹೊರಗಿನವರಿಂದ ತಂತ್ರಾಂಶ ಮಾಡಿಸುವವರು ಕಾನೂನಿನ ಒಂದು ಅಂಶವನ್ನು ಅಗತ್ಯವಾಗಿ ತಿಳಿದಿರಬೇಕು. ಭಾರತದ ಕೃತಿಸ್ವಾಮ್ಯ ಕಾಯಿದೆ, 1957ರ ಪ್ರಕಾರ ಗಣಕ ತಂತ್ರಾಂಶವು ಸಾಹಿತ್ಯ ಕೃತಿಯ ವ್ಯಾಖ್ಯೆಯಲ್ಲಿ ಸೇರುತ್ತದೆ. ಸಂಬಳದ ನೌಕರನು ತನ್ನ ಕೆಲಸದ ಭಾಗವಾಗಿ ಬರೆದರೆ, ವಿರುದ್ಧವಾದ ಒಪ್ಪಂದ ಇಲ್ಲದಿದ್ದಲ್ಲಿ, ಮಾಲೀಕನೇ ಮೊದಲ ಒಡೆಯ. ಆದರೆ ಗುತ್ತಿಗೆಯ ಮೇಲೆ ಹೊರಗಿನವರು ಬರೆದುಕೊಟ್ಟಾಗ ಒಡೆತನವು ಸಾಧಾರಣವಾಗಿ ಬರೆದವರಲ್ಲೇ ಉಳಿಯುತ್ತದೆ. ಹಣ ಕೊಟ್ಟವನಿಗೆ ದೊರೆಯುವುದು ಬಳಸುವ ಅನುಮತಿ. ಒಡೆತನ ಬೇಕಾದರೆ 19ನೇ ಪ್ರಕರಣದಂತೆ ಲಿಖಿತ ವರ್ಗಾವಣೆ ಪತ್ರವಿರಬೇಕು. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಭಾವಿಸಲಾಗುತ್ತದೆ.

ಆದ್ದರಿಂದ ಒಪ್ಪಂದದಲ್ಲಿ ಈ ಅಂಶಗಳು ಸ್ಪಷ್ಟವಾಗಿರಬೇಕು:

ಅ) ವ್ಯವಹಾರ ಘಟಕಗಳ ಮೂಲ ಸಂಕೇತವನ್ನು, ಅಂದರೆ ಸೋರ್ಸ್ ಕೋಡನ್ನು, ಪ್ರತಿ ಕಂತಿನ ಪಾವತಿಯೊಂದಿಗೆ ಒಪ್ಪಿಸುವುದು.

ಆ) ಸಂಸ್ಥೆಗೆಂದೇ ಬರೆದ ಘಟಕಗಳ ಕೃತಿಸ್ವಾಮ್ಯದ ವರ್ಗಾವಣೆ, ಅವಧಿ ಮತ್ತು ಪ್ರದೇಶದ ನಮೂದಿನೊಂದಿಗೆ. ಬರೆಯುವವರು ಎಲ್ಲ ಗ್ರಾಹಕರಿಗೂ ಬಳಸುವ ಸಾಮಾನ್ಯ ಭಾಗಗಳಿಗೆ ಶಾಶ್ವತ ಬಳಕೆಯ ಅನುಮತಿ ಸಾಕು.

ಇ) ತೆರಿಗೆ ದರ, ಸಂಸ್ಥೆಯ ವಿಳಾಸ, ಬಿಲ್ ಸರಣಿ ಇವುಗಳನ್ನು ಮೂಲ ಸಂಕೇತ ಮುಟ್ಟದೆ ಬದಲಾಯಿಸುವ ಸೌಲಭ್ಯ.

ಈ) ಪರೀಕ್ಷಾ ಕಡತಗಳು ಮತ್ತು ಅವುಗಳನ್ನು ನಡೆಸುವ ವಿಧಾನದ ಬರಹ.

ಉ) ಎಲ್ಲ ದತ್ತಾಂಶವನ್ನು ಬೇರೆ ತಂತ್ರಾಂಶವು ಓದಬಲ್ಲ ರೂಪದಲ್ಲಿ ಹೊರತೆಗೆಯುವ ಸೌಲಭ್ಯ. ಜಿ.ಎಸ್.ಟಿ. ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು, ಕಂಪನಿಗಳ ಲೆಕ್ಕಪತ್ರಗಳನ್ನು ಎಂಟು ಹಣಕಾಸು ವರ್ಷಗಳ ಕಾಲ ಉಳಿಸಬೇಕಾಗಿರುವುದರಿಂದ ಇದು ಕಡ್ಡಾಯವೆಂದೇ ತಿಳಿಯಬೇಕು.

ಕೆಲಸ ಒಪ್ಪಿಕೊಳ್ಳುವ ಮುನ್ನ ವರ್ತಕನು ಒಂದು ಸರಳ ಪರೀಕ್ಷೆ ಮಾಡಬಹುದು. ನಾಳೆಯಿಂದ ಒಂದು ಸರಕಿನ ದರ ಬದಲಾಗುತ್ತದೆಂದು ಹೇಳಿ, ತನ್ನ ಗುಮಾಸ್ತನಿಂದಲೇ ಅದನ್ನು ಬದಲಾಯಿಸಿಸಿ, ಹಳೆಯ ಬಿಲ್ಲಿಗೆ ಒಂದು ಕ್ರೆಡಿಟ್ ನೋಟ್ ತೆಗೆಸಿ ನೋಡಬೇಕು. ಉತ್ತರ ಸರಿಯಾಗಿ ಬಂದರೆ ಒಳಗಿನ ಕಟ್ಟಡ ಬಹುಮಟ್ಟಿಗೆ ಸರಿಯಾಗಿದೆ ಎಂದರ್ಥ. ತಂತ್ರಾಂಶ ಬರೆದವರೇ ಬಂದು ತಿದ್ದಬೇಕಾದರೆ ಕೊನೆಯ ಕಂತನ್ನು ತಡೆಹಿಡಿಯುವುದು ಲೇಸು.

ಯಾರಿಗೆ ಬೇಕು, ಯಾರಿಗೆ ಬೇಡ

ಒಂದೇ ಅಂಗಡಿ, ಒಂದೇ ಗಣಕಯಂತ್ರ, ಸಾಮಾನ್ಯ ಖರೀದಿ ಮಾರಾಟ ಇರುವವರಿಗೆ ಸಿದ್ಧ ಲೆಕ್ಕಪತ್ರ ತಂತ್ರಾಂಶವೇ ಸಾಕು. ಕಾನೂನು ಬದಲಾದಾಗ ತಿದ್ದುವ ಹೊಣೆ ಅದರ ತಯಾರಕರದು. ಹಲವು ಗೋದಾಮುಗಳು, ತಾವೇ ಆರ್ಡರ್ ಹಾಕುವ ವಿತರಕರು, ಜಾಬ್ ವರ್ಕ್, ಸಿದ್ಧ ತಂತ್ರಾಂಶದಲ್ಲಿ ಕೂರದ ಬೆಲೆ ನಿಯಮಗಳು ಇದ್ದಾಗ ಮಾತ್ರ ಸ್ವಂತ ತಂತ್ರಾಂಶದ ಮಾತು. ಆಗಲೂ ಲೆಕ್ಕಪತ್ರವನ್ನು ಸಿದ್ಧ ತಂತ್ರಾಂಶದಲ್ಲೇ ಉಳಿಸಿ, ತಮಗೆ ವಿಶಿಷ್ಟವಾದ ಭಾಗವನ್ನಷ್ಟೇ ಘಟಕಗಳಾಗಿ ಬರೆಸಿ ಜೋಡಿಸುವುದು ಮಿತವ್ಯಯದ ದಾರಿ. ಬೇರಿಂಗನ್ನು ಕೊಳ್ಳುವವನು ಇಂಪೆಲ್ಲರನ್ನು ಮಾತ್ರ ತಾನೇ ಎರಕ ಹೊಯ್ಯುವಂತೆ.

ತೆರಿಗೆಯ ಕಾನೂನು ಮುಂದೆಯೂ ಬದಲಾಗುತ್ತದೆ. ಚೌಕಟ್ಟುಗಳ ಹೆಸರೂ ಬದಲಾಗುತ್ತದೆ. ತಂತ್ರಾಂಶ ಬರೆದ ಯುವಕರು ಬೇರೆ ಊರಿಗೆ, ಬೇರೆ ಕೆಲಸಕ್ಕೆ ಹೋಗುತ್ತಾರೆ. ಇವು ಯಾವುವೂ ವರ್ತಕನ ಕೈಯಲ್ಲಿಲ್ಲ. ನಿಯಮವನ್ನು ಒಂದೇ ಕಡೆ ಬರೆಸುವುದು, ಅದರ ಹೊರ ಅಳತೆಯನ್ನು ಕಾಗದದ ಮೇಲೆ ನಿಗದಿ ಮಾಡುವುದು, ಅದರ ಒಡೆತನವನ್ನು ಲಿಖಿತವಾಗಿ ಪಡೆಯುವುದು, ಈ ಮೂರು ಅವನ ಕೈಯಲ್ಲಿವೆ. ಹೊಸ ತಂತ್ರಾಂಶದ ಮಾತುಕತೆಗೆ ಕುಳಿತಾಗ ಪರದೆಯ ಬಣ್ಣವನ್ನು ನೋಡುವ ಮೊದಲು ಈ ಮೂರನ್ನು ಕೇಳುವ ರೂಢಿಯನ್ನು ವರ್ತಕ ಬಾಂಧವರು ಬೆಳೆಸಿಕೊಳ್ಳುವುದು ಒಳಿತು.